ದೇವದುರ್ಗದ ಬಣ್ಣದ ಕಂಪೌಂಡರು

ಅವರು ನನಗೆ ಎಚ್ಚರಿಕೆ ಕೊಟ್ಟಿದ್ದರೋ ಇಲ್ಲವೋ, ಖಚಿತವಾಗಿ ಗೊತ್ತಿಲ್ಲ. ಕೊಟ್ಟಿರಲಿಲ್ಲ ಎಂದು ಕೆಲವು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆಮೇಲೆ, ಕೊಟ್ಟಿರಲೂಬಹುದು ಎನ್ನಿಸತೊಡಗಿತು. ಈಗ ಆ ಬೆಳಗನ್ನು ನೆನೆಸಿಕೊಂಡರೆ ಅವರ ತುಟಿ ಅಲುಗಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ನಾನು ರಸಾಯನಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಯೊಬ್ಬ ಇಂಥ ವರದಿ ಬರೆದು ತಂದರೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು ವಾಪಸು ಕೊಡುತ್ತೇನೆ. ನನ್ನ ತಲೆಯನ್ನು ಹಾಗೆ ವಾಪಸು ಕೊಡಲು ಯಾರೂ ಇಲ್ಲ.

ಹೋದ ತಿಂಗಳು ರಾಯಚೂರಿನ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ದೇವದುರ್ಗದವನು. ಉಭಯಕುಶಲೋಪರಿ ಮುಗಿದ ಮೇಲೆ, "ಸರ್, ನಮ್ಮೂರ ಬಣ್ಣದ ಕಂಪೌಂಡರ ತೀರಿಕೊಂಡ್ರರಿ. ನಿಮಗ ಗುರ್ತು ಇತ್ತಲ್ಲ?" ಎಂದ. ಗುರುತಿತ್ತು ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತ ಮೇಲೆ, ಅವನಿಗೆ ನನ್ನ ಗುರುತಿನ ಬಗ್ಗೆ ಎಷ್ಟು ಗೊತ್ತಿದೆಯೋ ಎಂಬ ಅಳುಕು ಶುರುವಾಯಿತು.

ಅವರು ಮೊದಲು ಯಾವುದೋ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅವರನ್ನು ಮೊದಲು ಕಂಡಾಗ ಆ ಕೆಲಸ ಬಿಟ್ಟು, ದೇವದುರ್ಗದ ಬಜಾರಿನ ಒಂದು ಸಣ್ಣ ಔಷಧದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಮುಂದೆ ಮಾಲೀಕ ಗುಳಿಗೆ ಮಾರುತ್ತಿದ್ದ, ಹಿಂದೆ ಇವರು ಬಣ್ಣ ಕಲೆಸುತ್ತಿದ್ದರು. ತೊನ್ನು ಇದ್ದವರು ಇವರ ಗಿರಾಕಿಗಳು. ತೊನ್ನು ವಾಸಿ ಮಾಡುತ್ತೇನೆ ಎಂದು ಇವರು ಒಂದು ದಿನವೂ ಹೇಳಿದವರಲ್ಲ. ಬಿಳಿ ಮಚ್ಚೆಯ ಮೇಲೆ ಹಚ್ಚಿದರೆ ಅದು ಸುತ್ತಲಿನ ಮೈಬಣ್ಣಕ್ಕೆ ತಿರುಗುವಂಥ ಒಂದು ಕಂದು ನೀರು ಮಾಡಿಕೊಡುತ್ತಿದ್ದರು. ಮೂರು ನಾಲ್ಕು ದಿನ ನಿಲ್ಲುತ್ತಿತ್ತು, ಮತ್ತೆ ಹಚ್ಚಬೇಕು. ಕೋಣೆಯ ತುಂಬ ಕಾಚಿನ ವಾಸನೆ, ಅಳಲೆಕಾಯಿಯ ವಾಸನೆ, ಜೊತೆಗೆ ತುಕ್ಕು ಹಿಡಿದ ಕಬ್ಬಿಣದ ಒಗರು.

ಬಣ್ಣ ಹೊಂದಿಸುವುದಕ್ಕೆ ಅವರದೇ ಒಂದು ಉಪಕರಣವಿತ್ತು. ಹತ್ತು ಹನ್ನೆರಡು ಬಟ್ಟೆಯ ತುಂಡುಗಳನ್ನು ತಿಳಿಯಿಂದ ಕಡುವಿನವರೆಗೆ ಬೇರೆ ಬೇರೆ ಕಂದಿನಲ್ಲಿ ಅದ್ದಿ, ಒಣಗಿಸಿ, ಒಂದು ದಾರಕ್ಕೆ ಪೋಣಿಸಿದ್ದರು. ಒಂದೊಂದಕ್ಕೂ ಹೆಸರು: ಜ್ವಾಳದ ರೊಟ್ಟಿ, ಹೊಸಾ ಬೆಲ್ಲ, ಹಳೇ ಬೆಲ್ಲ, ಹುಣಸಿ, ಎರಿ ಮಣ್ಣು. ಬಂದವರನ್ನು ಬಾಗಿಲ ಹೊಸ್ತಿಲಿನ ಮೇಲೆ ನಿಲ್ಲಿಸಿ, ಬೆಳಗಿನ ಬೆಳಕಿನಲ್ಲಿ ಒಂದೊಂದೇ ತುಂಡನ್ನು ಕೊರಳಿನ ಪಕ್ಕ ಹಿಡಿದು ನೋಡುತ್ತಿದ್ದರು. ಹತ್ತು ಗಂಟೆ ದಾಟಿದ ಮೇಲೆ ಬಂದವರಿಗೆ "ನಾಳಿ ಬರ್ರಿ" ಅಷ್ಟೇ. ಟ್ಯೂಬ್‌ಲೈಟಿನಲ್ಲಿ ಮನುಷ್ಯರ ಬಣ್ಣ ಸುಳ್ಳು ಹೇಳುತ್ತದೆ ಎಂಬುದು ಅವರ ವಾದ. ಮೊದಲ ದಿನವೇ ನನ್ನ ಕೊರಳಿಗೂ ಹಿಡಿದು ನೋಡಿ, "ನೀವು ಅಸಲಿ ಎರಿ ಮಣ್ಣು ಮಾಸ್ತರ. ನಿಮಗೇನ್ ಚಿಂತಿಲ್ಲ" ಎಂದಿದ್ದರು.

ಹಚ್ಚುವುದಕ್ಕೆ ಮೊದಲು ಮೊಣಕೈಯ ಒಳಮಗ್ಗುಲಿಗೆ ಎಂಟಾಣೆಯಷ್ಟು ಅಗಲದ ಒಂದು ಬೊಟ್ಟು ಇಟ್ಟು ಕಳಿಸುತ್ತಿದ್ದರು. "ಎರಡು ದಿನ ಬಿಟ್ಟು ಬರ್ರಿ." ಆ ಜಾಗ ತುರಿಸಿದರೆ, ಕೆಂಪಾದರೆ, ಅವರಿಗೆ ಬಣ್ಣವಿಲ್ಲ. ಯಾರೇ ಬರಲಿ, ಎಲ್ಲಿಂದಲೇ ಬರಲಿ. ಲಿಂಗಸೂಗೂರಿನ ಕಡೆಯಿಂದ ಬಂದ ಬಸ್ ಕಂಡಕ್ಟರನೊಬ್ಬ, ಬಸ್ಸು ನಿಲ್ಲಿಸಿ ಬಂದಿದ್ದೇನೆ, ಜಲ್ದಿ ಹಚ್ಚಿಬಿಡಿ ಎಂದು ಅಂಗಲಾಚಿದ್ದನ್ನು ನಾನೇ ನೋಡಿದ್ದೇನೆ.

"ಪ್ಯಾಸೆಂಜರ್ ಕುಂತಾರ್ರೀ ಕಂಪೌಂಡರ!"

"ಕುಂದ್ರಲಿ. ನಿನ್ನ ತುಟಿ ಬಾತರ ಸೀಟಿ ಯಾರ ಊದತಾರ, ಅವರಾ?"

ಇನ್ನೊಮ್ಮೆ ಒಬ್ಬ ಮುದುಕಿ ಬಂದಿದ್ದಳು. ಅವಳಿಗೆ ಹಣೆಯ ಮೇಲೆ ಅಂಗೈಯಗಲದ ಬಿಳಿ. ಇಷ್ಟು ವರ್ಷ ಇಲ್ಲದ ಅವಸರ ಈಗೇಕೆ ಎಂದು ಕೇಳಿದ್ದಕ್ಕೆ, "ಇವತ್ತೋ ನಾಳಿಗೋ ಸಾಯಾಕಿ ನಾನು ಯಪ್ಪಾ. ಸತ್ತ ಮ್ಯಾಲ ಹೊರಗ ಕೂಡ್ರಸ್ತಾರ, ಊರ ಮಂದಿ ಎಲ್ಲಾ ಬಂದು ಮಾರಿ ನೋಡ್ತದ. ಆವಾಗರ ಚಂದ ಕಾಣಬೇಕಲ್ಲ" ಎಂದಳು. ಇವರು ನಗಲಿಲ್ಲ. ಅವಳ ಮೊಣಕೈಗೆ ಬೊಟ್ಟು ಇಟ್ಟು, "ಹಂಗಾರ ಎರಡು ದಿನ ಮದ್ಲ ಹೇಳಿ ಸಾಯಬೇಕವ್ವಾ" ಎಂದರು. ಮುದುಕಿ ಬಿದ್ದು ಬಿದ್ದು ನಕ್ಕಳು. ಅವಳು ಎರಡು ದಿನ ಬಿಟ್ಟು ಬಂದಳೇ? ಬಂದಳು ಎಂದು ಬರೆಯುವ ಆಸೆಯಾಗುತ್ತದೆ. ನಾನು ನೋಡಿಲ್ಲ.

ನನಗೆ ಅವರನ್ನು ಕಂಡರೆ ಸಿಟ್ಟು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಆಗಷ್ಟೇ ರಾಯಚೂರಿನ ಕಾಲೇಜು ಸೇರಿದ್ದೆ. ಬಾಟಲಿಯಲ್ಲಿರುವುದು ಏನು ಎಂದು ಹೇಳದೆ ಯಾರಾದರೂ ಯಾರ ಮೈಗಾದರೂ ಹಚ್ಚುವುದು ನನ್ನ ಪಾಲಿಗೆ ಅಪರಾಧ.

"ಇದರಾಗ ಏನೇನ್ ಹಾಕೀರಿ?"

"ಹಾಕಬಾರದ್ದು ಹಾಕಿಲ್ಲ."

"ಅದು ಉತ್ತರ ಅಲ್ರಿ."

"ನಿಮ್ಮದೂ ಪ್ರಶ್ನಿ ಅಲ್ಲ ಮಾಸ್ತರ. ಪೊಲೀಸರ ತನಿಖಿ ಅದು."

ಬೇಸಿಗೆಯಲ್ಲೂ ಅವರು ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬು ತೋಳಿನ ಅಂಗಿ ತೊಡುತ್ತಿದ್ದರು. ನಮ್ಮ ಕಡೆಯ ಬಿಸಿಲಿನಲ್ಲಿ ಅದು ದೊಡ್ಡಸ್ತಿಕೆ ಎಂದು ನಾನು ತಿಳಿದಿದ್ದೆ.

ನಾನು ಅಲ್ಲಿಗೆ ಹೋಗುತ್ತಿದ್ದದ್ದು ನನ್ನ ಅಕ್ಕನಿಗಾಗಿ. ಅಕ್ಕ ಮಾನವಿಯ ಒಂದು ಓಣಿಯಲ್ಲಿ ಬಾಲವಾಡಿಯ ಟೀಚರು. ಭಾವ ತೀರಿಕೊಂಡ ಮೇಲೆ ಆ ಕೆಲಸವೇ ಅವಳ ಆಸರೆ. ನನ್ನ ಓದು ನಡೆದದ್ದೂ ಅದರಿಂದಲೇ. ನಮ್ಮದು ಕೂಲಿ ಮಾಡಿಕೊಂಡು ಬಂದ ಮನೆತನ. ಅಕ್ಕ ಬಾಲವಾಡಿಗೆ ಸೇರಿದಾಗ ಅವಳ ಕೈಯಿಂದ ಬಡಿಸಿದ್ದನ್ನು ತಮ್ಮ ಮಕ್ಕಳು ತಿನ್ನಬಾರದೆಂದು ಕೆಲವು ಮನೆಯವರು ಊಟದ ಹೊತ್ತಿಗೆ ಸರಿಯಾಗಿ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಅಕ್ಕ ಜಗಳವಾಡಲಿಲ್ಲ. ಮಕ್ಕಳಿಗೆ ಹಾಡು ಕಲಿಸಿದಳು, ಮೂಗು ಒರೆಸಿದಳು, ಜ್ವರ ಬಂದವರ ಮನೆಗೆ ಹೋಗಿ ಕೂತಳು. ಎರಡು ವರ್ಷ ಹಿಡಿಯಿತು. ಆ ಮಕ್ಕಳು ಅವಳ ಕೈಯ ಉಪ್ಪಿಟ್ಟು ತಿನ್ನತೊಡಗಿದರು. ಸರಿಯಾಗಿ ಆಗ ಅವಳ ಬೆರಳುಗಳ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಆಮೇಲೆ ಮುಂಗೈಗೆ ಹಬ್ಬಿತು, ತುಟಿಯ ಅಂಚಿನಲ್ಲೂ ಒಂದಿಷ್ಟು. ಹಿಂದೆ ಜಾತಿ ನೋಡಿ ಬೇಡ ಎಂದವರಿಗೆ ಈಗ ಬಾಯಿಬಿಟ್ಟು ಹೇಳಬಹುದಾದ ಒಂದು ಕಾರಣ ಸಿಕ್ಕಿತು. "ಟೀಚರಿಗೆ ಬಿಳಿ ರೋಗ ಬಂದದಂತ. ಅದು ಅಂಟ್ತದಂತ." ಅಂಟುವುದಿಲ್ಲ ಎಂದು ನಾನು ಓಣಿಯಲ್ಲಿ ನಿಂತು ಭಾಷಣ ಮಾಡಿದೆ. ಅಕ್ಕನೇ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.

ನಾಟಿ ವೈದ್ಯರು ಕೊಟ್ಟ ಬಾವಂಚಿ ಬೀಜ ಅರೆದು ಹಚ್ಚಿ, ಹೇಳಿದಂತೆ ಬಿಸಿಲಿಗೆ ಕೈಯೊಡ್ಡಿ ಒಮ್ಮೆ ಬೊಬ್ಬೆ ಎದ್ದಿದ್ದವು. ಅಂದಿನಿಂದ ಅವಳಿಗೆ ಬಿಸಿಲೆಂದರೆ ಭಯ. ಹೊರಗೆ ಹೊರಟರೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುವಳು. ಕೊನೆಗೆ ಯಾರೋ ಹೇಳಿದರೆಂದು ದೇವದುರ್ಗಕ್ಕೆ ಕರೆದುಕೊಂಡು ಹೋದೆ. ಎರಡು ದಿನದ ಬೊಟ್ಟು ಎಲ್ಲ ಆದ ಮೇಲೆ ಕಂಪೌಂಡರು ಅವಳ ತುಟಿಯ ಅಂಚಿಗೆ ಬಣ್ಣ ಹೊಂದಿಸಿದರು. ಹಳೇ ಬೆಲ್ಲ. ಅಕ್ಕ ಕೈ ಮುಂದೆ ಚಾಚಿದಳು. ಇವರು ಬಾಟಲಿಯ ಬಿರಡೆ ಹಾಕಿದರು.

"ಮುಖಕ್ಕ ಹಚ್ತೀನಿ ತಂಗಿ. ಕೈಗೆ ಹಚ್ಚಂಗಿಲ್ಲ."

"ಮಂದಿ ನೋಡೋದು ಕೈನೇ ರೀ ಅಣ್ಣಾರ. ನನ್ನ ಮುಖ ಯಾರ ನೋಡ್ತಾರ?"

"ಆ ಕೈಲೆ ಕೂಸುಗಳಿಗೆ ಉಪ್ಪಿಟ್ಟು ಬಡಸ್ತಿಯಲ್ಲ. ನನ್ನ ಬಣ್ಣ ಬಿಸಿ ಹತ್ತಿದ್ರ ಬಿಡ್ತದ. ಅವು ತಿಂತಾವ."

"ಚಮಚಾಲೆ ಬಡಸ್ತೀನ್ರಿ."

"ಚಮಚ ಹಿಡದಾಕಿ ಕೂಸಿನ ಬಾಯಿ ಒರಸಂಗಿಲ್ಲೇನು?"

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಬಿಡಲಿಲ್ಲ. "ಅಷ್ಟು ಕೆಟ್ಟದ್ದಿದ್ರ ಮುಖಕ್ಕ ಯಾಕ ಹಚ್ತೀರಿ?" ಎಂದು ಜೋರು ಮಾಡಿದೆ.

"ಮುಖ ಆಕೀದು ಮಾಸ್ತರ. ಬಾಯಿ ಕೂಸುಗಳದು."

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲೂ ಆಗಲಿಲ್ಲ, ಈಗಲೂ ಆಗಿಲ್ಲ. ಆದರೆ ಅಕ್ಕ ಕೈ ಮುಚ್ಚಿಕೊಂಡು ಬಸ್ಸಿನಲ್ಲಿ ಕೂತದ್ದನ್ನು ನೋಡಿದವನು ನಾನು. ಸರಿಯಾದ ಮಾತು ಹೇಳಿದವರನ್ನು ಕ್ಷಮಿಸುವುದು ಕಷ್ಟ.

ಇದಾಗಿ ಮೂರು ನಾಲ್ಕು ವರ್ಷದ ಮೇಲೆ, ಎಂಬತ್ತೆರಡೋ ಎಂಬತ್ತಮೂರೋ ಇರಬೇಕು, ನನ್ನ ಸಹೋದ್ಯೋಗಿಯೊಬ್ಬರ ಭಾವ ಕುವೈತಿನಿಂದ ಬಂದಾಗ ತಂದ ಸಾಮಾನಿನಲ್ಲಿ ಒಂದು ಬಾಟಲಿ ಇತ್ತು. ಬಿಸಿಲಿಗೆ ಹೋಗದೆಯೇ ಮೈ ಕಂದು ಮಾಡಿಕೊಳ್ಳುವ ಲೋಷನ್. ಸ್ಟಾಫ್‌ರೂಮಿನಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನಕ್ಕರು. ಬಿಳಿಯರು ದುಡ್ಡು ಕೊಟ್ಟು ನಮ್ಮ ಹಾಗೆ ಆಗುತ್ತಾರಲ್ಲ, ನಾವು ಪುಕ್ಕಟೆ ಆಗಿದ್ದೇವೆ ಎಂದು. ನಾನು ನಗಲಿಲ್ಲ. ಲೇಬಲ್ಲಿನ ಮೇಲಿದ್ದ ರಾಸಾಯನಿಕದ ಹೆಸರು ನನಗೆ ಗೊತ್ತಿತ್ತು. ಒಂದು ಬಗೆಯ ಸರಳ ಸಕ್ಕರೆ. ಹೆಂಚಿನ ಮೇಲೆ ರೊಟ್ಟಿ ಕಂದಾಗುವ ಹಾಗೆ ಅದು ಚರ್ಮದ ಮೇಲ್ಪದರದ ಜೊತೆ ಬೆರೆತು ಕಂದಾಗುತ್ತದೆ. ತೊಳೆದರೆ ಹೋಗುವುದಿಲ್ಲ. ಬಿಸಿ ಉಪ್ಪಿಟ್ಟಿಗೆ ಬಿಡುವುದಿಲ್ಲ. ಬಾಟಲಿಯ ಹಿಂದೆ ಅರಬ್ಬಿಯಲ್ಲೂ ಯೂರೋಪಿನ ಯಾವುದೋ ಭಾಷೆಯಲ್ಲೂ ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಓದಿಸುವ ಗೋಜಿಗೆ ಹೋಗಲಿಲ್ಲ. ರಾಸಾಯನಿಕವೇ ಗೊತ್ತಿರುವಾಗ ಉಳಿದದ್ದು ಅಂಗಡಿಯವರ ಮಾತು ಎಂದುಕೊಂಡೆ. ಬಾಟಲಿಯನ್ನು ಕೇಳಿ ಪಡೆದುಕೊಂಡೆ.

ರಜೆ ಶುರುವಾಗಿತ್ತು. ನೇರವಾಗಿ ಮಾನವಿಗೆ ಹೋಗಬಹುದಿತ್ತು. ನಾನು ದೇವದುರ್ಗದ ಮೇಲೆ ಸುತ್ತಿ ಹೋದೆ. ಯಾಕೆಂದರೆ ಆ ಬಾಟಲಿಯನ್ನು ಕಂಪೌಂಡರ ಮೇಜಿನ ಮೇಲೆ ಇಡಬೇಕಿತ್ತು. ಈಗ ಯೋಚಿಸಿದರೆ ಅದೊಂದೇ ಕಾರಣ.

ಅವರು ಬಿರಡೆ ತೆಗೆದು ಮೂಸಿದರು. ಅಂಗೈಗೆ ಒಂದು ಹನಿ ಹಾಕಿಕೊಂಡು ಬೆರಳಲ್ಲಿ ತಿಕ್ಕಿದರು. ನನ್ನನ್ನು ಕೇಳಿ, ಒಂದು ಚಮಚೆಯಷ್ಟನ್ನು ಸಣ್ಣ ಸೀಸೆಗೆ ಬಗ್ಗಿಸಿಕೊಂಡರು.

"ಇದನ್ನ ಹಚ್ಚಿಕೊಂಡ ಮ್ಯಾಲ ಆ ಬಿಳಿ ಮಂದಿ ಬಿಸಲಾಗ ಏನ್ ಮಾಡ್ತಾರ?"

"ಬಿಸಲಿಗೆ ಹೋಗೂದ ಬ್ಯಾಡ ಅಂತನ ಇದನ್ನ ಮಾಡ್ಯಾರಲ್ರಿ!"

"ಹೋದ್ರ?"

ನಾನು ಉತ್ತರ ಕೊಟ್ಟೆನೋ ಇಲ್ಲವೋ. ಸಿರವಾರದ ಮೇಲೆ ಮಾನವಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಇದಾದ ಮೇಲೆ ಅವರು ಏನೋ ಹೇಳಿದರು. ಆ ಮಾತಿಗೆ ನನ್ನ ತಲೆಯಲ್ಲಿ ಮೂರು ರೂಪಗಳಿವೆ. ಒಂದರಲ್ಲಿ, "ಮಾಲು ಚಲೋ ಅದ, ಹಚ್ಚರಿ" ಎನ್ನುತ್ತಾರೆ. ಇನ್ನೊಂದರಲ್ಲಿ, "ಎರಡು ದಿನ ಬಿಟ್ಟು ಬರ್ರಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಮೂರನೆಯದರಲ್ಲಿ, "ಬಣ್ಣ ಬಂತಂದ್ರ ಬಿಸಿಲು ಬಿಡಂಗಿಲ್ಲ. ಅಕ್ಕಾರಿಗೆ ಕೈ ಮುಚ್ಕೊಳ್ಳಾಕ ಹೇಳ್ರಿ" ಎನ್ನುತ್ತಾರೆ. ಮೊದಲನೆಯದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ, ಹೇಳಿ ಹೇಳಿಯೇ ಅದು ಗಟ್ಟಿಯಾಗಿರಬಹುದು. ಮೂರನೆಯದು ಪಶ್ಚಾತ್ತಾಪದಿಂದ ಹುಟ್ಟಿರಬಹುದು. ಎರಡನೆಯದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತಾದ್ದರಿಂದ ಅದನ್ನೂ ನಂಬುವಂತಿಲ್ಲ.

ಅಂದು ಸಂಜೆ ಮಾನವಿಯಲ್ಲಿ ಅಕ್ಕನ ಬೆರಳಿಗೆ, ಮುಂಗೈಗೆ ಲೋಷನ್ ಹಚ್ಚಿದೆ. ಬೊಟ್ಟು ಇಟ್ಟು ನೋಡಲಿಲ್ಲ. ಸಕ್ಕರೆಯಿಂದ ಯಾರ ಮೈ ಕೆಡುತ್ತದೆ ಎಂಬುದು ನನ್ನ ತರ್ಕ. ಬೆಳಗಾಗುವಷ್ಟರಲ್ಲಿ ಬಿಳಿ ಜಾಗ ಕಂದಾಗಿತ್ತು, ಒಂಚೂರು ಅರಿಸಿನದ ಛಾಯೆ, ಅಷ್ಟೇ. ಅಕ್ಕ ಅಂಗಳದಲ್ಲಿ ಕೂತು ಸಾಬೂನು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು.

"ಹೋಗವಲ್ದಲ್ಲೋ ತಮ್ಮಾ!"

ಅವಳು ಹಾಗೆ ನಕ್ಕದ್ದನ್ನು ಭಾವ ಹೋದ ಮೇಲೆ ನಾನು ನೋಡಿರಲಿಲ್ಲ. ಮರುದಿನ ಬೆರಳ ಗೆಣ್ಣುಗಳಿಗೆ ಇನ್ನೊಂದು ಸಲ ಹಚ್ಚಿದೆವು. ಅಂದು ನಾನೂ ಬಾಲವಾಡಿಗೆ ಹೋಗಿ ಮೂಲೆಯಲ್ಲಿ ಕೂತಿದ್ದೆ. ಉಪ್ಪಿಟ್ಟಿನ ಹೊತ್ತಿಗೆ ಯಾವಾಗಲೂ ಬಂದು ತನ್ನ ಮಗನ ತಟ್ಟೆಯನ್ನು ಆಯಾಳ ಕಡೆಗೆ ಸರಿಸುತ್ತಿದ್ದ ಒಬ್ಬ ತಾಯಿ ಬಂದಳು. ಅಕ್ಕನ ಕೈ ನೋಡಿದಳು. ಮತ್ತೆ ನೋಡಿದಳು. "ಜರಾ ಜಾಸ್ತಿ ಹಾಕ್ರಿ ಟೀಚರ, ಮುಂಜಾನಿ ಏನೂ ತಿಂದಿಲ್ಲ ಇವ" ಎಂದಳು. ಅಕ್ಕ ಹಾಕಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಅದರ ಮರುದಿನ ಮನೆ ಮನೆ ಸರ್ವೆ ಇತ್ತು. ಓಣಿಯ ಐದು ವರ್ಷದೊಳಗಿನ ಮಕ್ಕಳನ್ನೆಲ್ಲ ಬರೆದುಕೊಂಡು ಬರಬೇಕು. ಬಾಲವಾಡಿಯನ್ನು ಆಯಾಳಿಗೆ ಒಪ್ಪಿಸಿ ಅಕ್ಕ ಹೊರಟಳು. ಹೊಸ್ತಿಲ ಬಳಿ ನಿಂತು ರೂಢಿಯಂತೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಳ್ಳತೊಡಗಿದಳು.

"ಇನ್ನೂ ಯಾಕ ಮುಚ್ಕೊಂತಿ ಯಕ್ಕಾ? ಈಗ ನಿನ್ನ ಕೈ ನನ್ನ ಕೈ ಒಂದ ಆಗ್ಯಾವಲ್ಲ" ಎಂದೆ.

ಈ ಮಾತು ಆಡಿದ್ದು ಮಾತ್ರ ನನಗೆ ಸಂಶಯವಿಲ್ಲದೆ ನೆನಪಿದೆ. ಅಕ್ಕ ಸೆರಗು ಬಿಚ್ಚಿದಳು. ಹನ್ನೊಂದರಿಂದ ಮೂರರವರೆಗೆ ಇಬ್ಬರೂ ತಿರುಗಿದೆವು. ಅವಳು ಕೇಳುವಳು, ನಾನು ಬರೆದುಕೊಳ್ಳುವೆನು. ಬಾಗಿಲು ಬಾಗಿಲಿಗೆ ಬರಿಗೈ ಬೀಸಿಕೊಂಡು ನಡೆದಳು. ಯಾರೋ ನೀರು ಕೊಟ್ಟರು, ಎಲ್ಲರೆದುರು ಕೈ ಚಾಚಿ ಚೆಂಬು ತೆಗೆದುಕೊಂಡಳು.

ಸಂಜೆಗೆ ಬೆರಳು ಕೆಂಪಾದವು. ಮರುದಿನ ಮುಂಗೈ ತುಂಬ ನೀರುಗುಳ್ಳೆ. ಅಂದೇ ರಾಯಚೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಟಲಿಯನ್ನು ತಿರುಗಿಸಿ ನೋಡಿ ನನ್ನ ಓದು ಕೇಳಿದರು. ಹೇಳಿದೆ. "ಗೋಡೆಗೆ ಬಣ್ಣ ಹೊಡೆದರೆ ಗೋಡೆ ದಪ್ಪ ಆಗ್ತದೇನ್ರಿ?" ಎಂದರು. ಚರ್ಮದೊಳಗಿನ ಕಪ್ಪು ಬಿಸಿಲನ್ನು ತಡೆಯುತ್ತದೆ, ಆ ಕಪ್ಪು ಅಕ್ಕನ ಆ ಜಾಗಗಳಲ್ಲಿ ಇರಲೇ ಇಲ್ಲ. ನಾನು ಹಚ್ಚಿದ್ದು ಸತ್ತ ಮೇಲ್ಪದರದ ಮೇಲಿನ ಬಣ್ಣ. ಅದರ ಕೆಳಗೆ ಅವಳ ಕೈ ಮೊದಲಿನಷ್ಟೇ ಬರಿಯದಾಗಿತ್ತು. ಸೆರಗಿನಿಂದಲೋ ಛತ್ರಿಯಿಂದಲೋ ಮುಚ್ಚಲೇಬೇಕಿತ್ತು. ಕಂದು ಎಂದರೆ ಕಂದು ಎಂದುಕೊಂಡಿದ್ದೆ ನಾನು, ರಸಾಯನಶಾಸ್ತ್ರದ ಎಂ.ಎಸ್ಸಿ. ಸುಟ್ಟಲ್ಲೆಲ್ಲ ಬಿಳಿ ಇನ್ನಷ್ಟು ಹಬ್ಬಬಹುದು ಎಂದೂ ಡಾಕ್ಟರು ಹೇಳಿದರು. ಹಬ್ಬಿತು, ಮಣಿಕಟ್ಟು ದಾಟಿತು.

ಓಣಿಯವರು, ನಾವು ಮೊದಲೇ ಹೇಳಿರಲಿಲ್ಲವೇ ಎಂದರು. ಮೇಲಿನಿಂದ ಬಂದ ಸೂಪರ್‌ವೈಸರಮ್ಮ ಅಕ್ಕನನ್ನು ಕರೆದು, ನೀವು ಹಾಡು ಕಲಿಸಿ, ಲೆಕ್ಕ ಕಲಿಸಿ, ಬಡಿಸುವುದನ್ನು ಆಯಾಳಿಗೆ ಬಿಡಿ ಎಂದರು. ಅಂದಿನಿಂದ ಉಪ್ಪಿಟ್ಟಿನ ಹೊತ್ತಿಗೆ ಅಕ್ಕ ಗೋಡೆಗೆ ಒರಗಿ ಕೈಗಳನ್ನು ಮಡಿಲಲ್ಲಿ ಸೆರಗಿನಡಿ ಇಟ್ಟುಕೊಂಡು ಕೂರುತ್ತಾಳೆ. ಎರಡು ವರ್ಷ ಕಾದು ಗಳಿಸಿದ್ದು ಎರಡು ಗೇಣು ದೂರದಲ್ಲಿ ಇನ್ನೊಬ್ಬರ ಕೈಯಿಂದ ನಡೆಯುತ್ತದೆ. ಇವತ್ತಿಗೂ ಹಾಗೆಯೇ.

ನನಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು. ತಾಲೂಕಿನ ಆರೋಗ್ಯಾಧಿಕಾರಿಗೆ ಅರ್ಜಿ ಬರೆದೆ. ದೇವದುರ್ಗದ ಬಜಾರಿನಲ್ಲಿ ಅರ್ಹತೆಯಿಲ್ಲದ ವ್ಯಕ್ತಿಯೊಬ್ಬರು ಹೆಸರಿಲ್ಲದ ರಾಸಾಯನಿಕಗಳನ್ನು ಜನರ ಮೈಗೆ ಹಚ್ಚುತ್ತಿದ್ದಾರೆ, ನನ್ನ ಸಹೋದರಿಯ ಕೈ ಸುಟ್ಟಿದೆ ಎಂದು. ಎರಡು ವಾಕ್ಯ. ಬೇರೆ ಬೇರೆಯಾಗಿ ನೋಡಿದರೆ ಎರಡೂ ನಿಜ. ಯಾವ ಬಾಟಲಿಯಿಂದ ಸುಟ್ಟಿತು ಎಂದು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಯಾರೋ ಬಂದು ಕೋಣೆ ನೋಡಿಕೊಂಡು ಹೋದರಂತೆ. ಮಾಲೀಕ ಹೆದರಿ ಹಿಂದಿನ ಕೋಣೆ ಖಾಲಿ ಮಾಡಿಸಿದ.

ಎರಡು ವರ್ಷದ ಮೇಲೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ರಾಯಚೂರಿನ ಒಂದು ಹತ್ತಿ ಗಿರಣಿಗೆ ಹೋಗಿದ್ದೆ. ಗೇಟಿನ ಬಳಿ ಹತ್ತಿಯ ಬಂಡಿಗಳಿಗೆ ಚೀಟಿ ಬರೆದುಕೊಡುತ್ತಿದ್ದವರು ಅವರು. ತೋಳು ಮಡಚಿದ್ದರು. ಎಡಗೈ ಮಣಿಕಟ್ಟಿನಿಂದ ಮೊಣಕೈಯವರೆಗೆ ಪೂರಾ ಬಿಳಿ. ನನ್ನ ಕಣ್ಣು ಎಲ್ಲಿ ನಿಂತಿದೆ ಎಂದು ನೋಡಿದರೂ ತೋಳು ಇಳಿಸಿಕೊಳ್ಳಲಿಲ್ಲ.

"ಅಕ್ಕಾರ ಕೈ ಹೆಂಗ ಅದಾವ ಮಾಸ್ತರ?"

"ಹಂಗ ಅದಾವ."

"ಮಚ್ಚಿ ಹಬ್ಬಿದ್ವೇನು?"

"ಹಬ್ಬಿದ್ವು."

ಇನ್ನೊಂದು ಚೀಟಿ ಬರೆದರು. ಆಮೇಲೆ ತಲೆ ಎತ್ತದೆಯೇ, "ನಿಮ್ಮ ಅರ್ಜಿ ನನಗ ಓದಿ ತೋರಿಸಿದ್ರು. ಭಾಷಾ ಭಾಳ ಚಲೋ ಇತ್ತು. ಒಂದ ಕಡಿನೂ ತಪ್ಪಿಲ್ಲ" ಎಂದರು. "ಖರೇ ಅಷ್ಟ ಇದ್ದಿಲ್ಲ."

ಅವರು ಪೆನ್ಸಿಲ್ಲಿನಿಂದ ತಮ್ಮ ಎಡಗೈಯ ಎರಡು ಜಾಗ ತೋರಿಸಿದರು.

"ಇಲ್ಲಿ ನನ್ನ ಬಣ್ಣ ಹಚ್ಚಿದ್ದೆ, ಇಲ್ಲಿ ನಿಮ್ಮ ಬಾಟ್ಲೀದು. ನೀವು ಬರ್ತೀರಿ ಅಂತ ಎರಡು ದಿನ ಮಾಳಗಿ ಮ್ಯಾಲ ಬಿಸಲಾಗ ಕುಂತೆ. ಎರಡೂ ಕಡಿ ಸುಡ್ತು, ಫರಕ ಏನಿಲ್ಲ. ನೀವು ಬರಲಿಲ್ಲ. ಮೂರನೇ ದಿನ ನಾನ ಮಾನವಿಗೆ ಬಂದೆ. ಅಕ್ಕಾರ ಇದ್ದಿಲ್ಲ."

"ಯಾರೂ ಬಂದಿದ್ದಿಲ್ಲ ಅಂತಾಳ್ರಿ ನಮ್ಮಕ್ಕ."

ನಿಜಕ್ಕೂ ಅಕ್ಕ ಹಾಗೆ ಹೇಳಿದ್ದಳೇ? ಆ ದಿನ ಯಾರಾದರೂ ಬಂದಿದ್ದರೇ ಎಂದು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಕೇಳಿದವನ ಹಾಗೆ ಹೇಳಿಬಿಟ್ಟೆ.

"ಹಂಗಾರ ಬಂದಿಲ್ಲ ಬಿಡ್ರಿ" ಎಂದರು ಕಂಪೌಂಡರು. ಮುಂದಿನ ಬಂಡಿಯವನಿಗೆ ಕೈ ಮಾಡಿದರು.

ಅದೇ ಕೊನೆ. ಆ ಮೇಲೆ ಗಿರಣಿಯ ಮುಂದೆ ಎಷ್ಟೋ ಸಲ ಹಾದುಹೋದೆ, ಇಳಿಯಲಿಲ್ಲ. ಅವರು ಸುಳ್ಳು ಹೇಳಿದರು ಎಂದು ನನಗೆ ನಾನೇ ವಾದಿಸಿದೆ. ಬಂದಿದ್ದರೆ ಆರೋಗ್ಯಾಧಿಕಾರಿಗೆ ಯಾಕೆ ಹೇಳಲಿಲ್ಲ? ಇನ್ನೊಂದು ದಿನ ಮತ್ತೆ ಯಾಕೆ ಬರಲಿಲ್ಲ? ಒಂದು ಕಾರ್ಡು ಬರೆಯಬಾರದಿತ್ತೇ? ಅವರು ಬಾಯಿಬಿಟ್ಟು ಜಗಳವಾಡಿದ್ದರೆ ನನ್ನ ಪಾಡು ಸುಲಭವಾಗುತ್ತಿತ್ತು. ಆ ಮನುಷ್ಯ ಬಣ್ಣದ ಗುಟ್ಟನ್ನೂ ಬಿಡಲಿಲ್ಲ, ತನ್ನ ಪರವಾದ ಮಾತನ್ನೂ ಎರಡನೆಯ ಸಲ ಆಡಲಿಲ್ಲ. ಬದುಕಿದ್ದಾಗಲೂ ಸಿಟ್ಟು ಬರಿಸುತ್ತಿದ್ದರು, ಈಗಲೂ ಬರಿಸುತ್ತಾರೆ.

ಸತ್ತ ಸುದ್ದಿ ಕೇಳಿದ ಮೇಲಿನ ಭಾನುವಾರ ಮಾನವಿಗೆ ಹೋದೆ. ಅಕ್ಕನಿಗೆ ಎಲ್ಲ ಹೇಳಿದೆ, ಅರ್ಜಿಯ ಸಂಗತಿಯನ್ನೂ. ಅವಳಿಗೆ ಅದು ಗೊತ್ತಿರಲಿಲ್ಲ. ಬಹಳ ಹೊತ್ತು ಅಕ್ಕಿ ಆರಿಸುತ್ತ ಕೂತಳು.

"ಅವರು ಬಂದಿದ್ದು ನನಗ ಯಾರೂ ಹೇಳಿಲ್ಲೋ. ಆಯಾ ಇದ್ಲಲ್ಲ, ಆಕಿ ಸತ್ತು ಎರಡು ವರ್ಷಾತು. ಯಾರನ್ನ ಕೇಳ್ತಿ?"

ಆಮೇಲೆ ಅವಳೇ ಎದ್ದು ಬಾಲವಾಡಿಯ ಬೀಗದ ಕೈ ತಂದಳು. ಆಯಾಳಿಗೆ ಓದು ಬರುತ್ತಿರಲಿಲ್ಲ. ಸಾಹೇಬರು ಯಾರು, ಯಾರಲ್ಲ ಎಂದು ಅವಳಿಗೆ ತಿಳಿಯುವುದಿಲ್ಲವೆಂದು, ಪ್ಯಾಂಟು ಹಾಕಿದವರು ಯಾರೇ ಬಂದರೂ ಮೊದಲು ಭೇಟಿ ಪುಸ್ತಕ ಮುಂದಿಡು ಎಂದು ಅಕ್ಕ ತಾಕೀತು ಮಾಡಿದ್ದಳಂತೆ. ಟ್ರಂಕಿನ ತಳದಲ್ಲಿ ಹಳೆಯ ಪುಸ್ತಕಗಳಿದ್ದವು, ಅಂಚು ಗೆದ್ದಲು ತಿಂದಿತ್ತು. ಡಾಕ್ಟರರ ಚೀಟಿಯನ್ನು ಅಕ್ಕ ಇಟ್ಟುಕೊಂಡಿದ್ದಳು. ಅದರ ತಾರೀಖಿನ ಹಿಂದಿನ ದಿನವನ್ನು ಹುಡುಕಿದೆವು. ಹಾಜರಿಯಲ್ಲಿ ಆ ದಿನ ಅಕ್ಕನ ಅಕ್ಷರದಲ್ಲಿ "ಮನೆ ಸರ್ವೆ" ಎಂದಿತ್ತು. ಭೇಟಿ ಪುಸ್ತಕದಲ್ಲಿ ಅದೇ ತಾರೀಖಿಗೆ ಒಂದೇ ಸಾಲು, ಔಷಧದ ಸೀಸೆಯ ಮೇಲೆ ಬರೆಯುವವರ ಸಣ್ಣ ಬಿಡಿ ಅಕ್ಷರ, ಹೆಸರು ಅವರದೇ. ಊರು: ದೇವದುರ್ಗ. ವೇಳೆ: ಹನ್ನೊಂದೂವರೆ. ಭೇಟಿಯ ಉದ್ದೇಶ: ಟೀಚರ ಕೈ ನೋಡುವುದು. ಅಭಿಪ್ರಾಯದ ಜಾಗದಲ್ಲಿ: ಟೀಚರ ಇಲ್ಲ, ಬಿಸಿಲಿಗೆ ಹೋಗಿದ್ದಾರೆ.